ಏಳು ಸುತ್ತಿನ ಕೋಟೆಗೆ ಹೊರಟಿದ್ದೀರಾ? ಟಿಕೆಟ್ ಕೌಂಟರಿನಿಂದ ಶುರು ಮಾಡಬೇಡಿ

ಚಿತ್ರದುರ್ಗದ ಕೋಟೆ ನೋಡೋಕೆ ಎಷ್ಟು ಹೊತ್ತು ಬೇಕು? ಮಕ್ಕಳನ್ನು, ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದಾ? ಓಬವ್ವನ ಕಿಂಡಿ ಎಲ್ಲಿದೆ? ಈ ಮೂರು ಪ್ರಶ್ನೆಗಳು ನನಗೆ ಪದೇ ಪದೇ ಬರುತ್ತಿರುತ್ತವೆ. ಮೊದಲು ಚಿಕ್ಕದಾಗಿ ಉತ್ತರ ಹೇಳಿಬಿಡುತ್ತೇನೆ. ಓಡಿಕೊಂಡು ನೋಡಿದರೆ ಮೂರು ಗಂಟೆ, ನೆಮ್ಮದಿಯಾಗಿ ನೋಡಿದರೆ ಐದಾರು ಗಂಟೆ. ವಯಸ್ಸಾದವರು ಅರ್ಧ ದಾರಿ ಆರಾಮಾಗಿ ಬರಬಹುದು, ಪೂರ್ತಿ ಬೇಡ. ಕಿಂಡಿ ಒಳಗಡೆ ಇದೆ, ದಾರಿ ಕೇಳಿಕೊಂಡೇ ಹೋಗಬೇಕು.

ಆದರೆ ಯಾರೂ ಕೇಳದ ಪ್ರಶ್ನೆಯೊಂದಿದೆ. ಕೋಟೆ ಎಲ್ಲಿಂದ ಶುರುವಾಗುತ್ತದೆ? ಜಾಸ್ತಿ ಜನ ಕಾರನ್ನು ಸೀದಾ ಬೆಟ್ಟದ ಬುಡದಲ್ಲಿ ನಿಲ್ಲಿಸಿ, ಟಿಕೆಟ್ ತಗೊಂಡು, ಅಲ್ಲೇ ಮೊದಲನೇ ಬಾಗಿಲು ಅಂದುಕೊಳ್ಳುತ್ತಾರೆ. ಅಷ್ಟರಲ್ಲಿ ಅವರು ಕೋಟೆಯ ಹೊರಗಿನ ಸುತ್ತುಗಳನ್ನು ಗೊತ್ತಿಲ್ಲದೆ ದಾಟಿ ಬಂದಾಗಿರುತ್ತದೆ. ಏಳು ಸುತ್ತುಗಳಲ್ಲಿ ಕೆಲವು ಇರುವುದು ಊರಿನೊಳಗೇ. ಮನೆ, ಅಂಗಡಿ, ಬೀದಿಗಳ ಮಧ್ಯೆ.

ಮುಂದೆ ಬರುವ ಕೆಲವು ಪದಗಳನ್ನು ಈಗಲೇ ಹೇಳಿಬಿಡುತ್ತೇನೆ. ದುರ್ಗದಲ್ಲಿ ಗೈಡುಗಳು ಇವನ್ನು ವಿವರಿಸದೆ ಹೇಳಿಕೊಂಡು ಹೋಗುತ್ತಾರೆ. ‘ಕಂದಕ’ ಅಂದರೆ ಗೋಡೆಯ ಹೊರಗೆ ತೋಡಿದ ಆಳವಾದ ಕಾಲುವೆ, ಹಳಬರ ಮಾತಿನಲ್ಲಿ ಅಗಳು. ‘ಬತೇರಿ’ ಅಂದರೆ ತೋಪು (ಫಿರಂಗಿ) ನಿಲ್ಲಿಸುತ್ತಿದ್ದ ಎತ್ತರದ ಬುರುಜು. ‘ತೆನೆ’ ಅಂದರೆ ಗೋಡೆಯ ನೆತ್ತಿಯ ಮೇಲೆ ಹಲ್ಲಿನ ಸಾಲಿನ ಹಾಗೆ ಕಾಣುವ ಕಟ್ಟಡ, ಅದರ ಮರೆಯಲ್ಲಿ ಕಾವಲಿನವರು ನಿಲ್ಲುತ್ತಿದ್ದರು. ‘ದಿಡ್ಡಿ’ ಅಂದರೆ ದೊಡ್ಡ ಬಾಗಿಲು ತೆರೆಯದೆ ಒಬ್ಬಿಬ್ಬರು ಓಡಾಡುವ ಸಣ್ಣ ಬಾಗಿಲು. ‘ದೊಣೆ’ ಅಂದರೆ ಬಂಡೆಯ ತಗ್ಗಿನಲ್ಲಿ ನಿಲ್ಲುವ ನೀರು. ಇಷ್ಟು ಸಾಕು.

1. ದಿನ, ಹೊತ್ತು ಗೊತ್ತು ಮಾಡಿಕೊಳ್ಳಿ

ಸೆಪ್ಟೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಳೆ ಮುಗಿಯುತ್ತಿದ್ದಂತೆ ಹೋದರೆ ಹೊಂಡಗಳು ತುಂಬಿರುತ್ತವೆ, ಬಂಡೆಗಳ ಸಂದಿಯೆಲ್ಲ ಹಸಿರಾಗಿರುತ್ತದೆ. ಮಾರ್ಚ್‌ನಿಂದ ಮೇವರೆಗೆ ದಯವಿಟ್ಟು ಬೇಡ. ಇದು ಬಯಲುಸೀಮೆ. ಸುತ್ತಲೂ ಬರೀ ಗ್ರಾನೈಟ್ ಬಂಡೆ. ಹತ್ತು ಗಂಟೆ ಕಳೆದ ಮೇಲೆ ಬಿಸಿಲು ಮೇಲಿನಿಂದ ಮಾತ್ರ ಅಲ್ಲ, ಕಾಲ ಕೆಳಗಿನಿಂದಲೂ ಬರುತ್ತದೆ. ನಾನು ಮೊದಲ ಸಲ ಹೋಗಿದ್ದು ಏಪ್ರಿಲ್‌ನಲ್ಲಿ, ಬೆಳಗ್ಗೆ ಹನ್ನೊಂದಕ್ಕೆ, ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದುಕೊಂಡು. ಅರ್ಧ ದಾರಿಯಿಂದ ವಾಪಸ್ ಬಂದೆ.

ಕೋಟೆ ಬೆಳಗ್ಗೆ 6ರಿಂದ ಸಂಜೆ 6ರವರೆಗೆ ತೆರೆದಿರುತ್ತದೆ. ಏಳು ಗಂಟೆಗೆ ಒಳಗಿದ್ದರೆ ಹನ್ನೆರಡರೊಳಗೆ ಎಲ್ಲ ಮುಗಿಸಬಹುದು. ಬೆಳಗ್ಗೆ ಆಗದಿದ್ದರೆ ಮಧ್ಯಾಹ್ನ ಮೂರರ ಮೇಲೆ ಹೋಗಿ, ಆದರೆ ಆಗ ಮೂರು ಗಂಟೆಗಿಂತ ಹೆಚ್ಚು ಸಿಗುವುದಿಲ್ಲ. ಭಾನುವಾರ, ಶಾಲಾ ಪ್ರವಾಸದ ಡಿಸೆಂಬರ್ ವಾರಗಳು ಸಂತೆಯ ಹಾಗಿರುತ್ತವೆ. ಸಾಧ್ಯವಾದರೆ ವಾರದ ಮಧ್ಯದ ದಿನ ನೋಡಿ.

2. ದುರ್ಗ ತಲುಪುವುದು

ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್. ತುಮಕೂರು, ಶಿರಾ, ಹಿರಿಯೂರು ದಾಟಿ ಹೆದ್ದಾರಿಯಲ್ಲೇ ನೇರ ದಾರಿ. ದಾವಣಗೆರೆಯಿಂದ 60 ಕಿಲೋಮೀಟರ್ ಆಸುಪಾಸು. ರೈಲಿಗಿಂತ ಬಸ್ಸೇ ಸಲೀಸು. ಒಂದೇ ಎಚ್ಚರಿಕೆ: ದಾವಣಗೆರೆ, ಹುಬ್ಬಳ್ಳಿ ಕಡೆ ಹೋಗುವ ಬಸ್ ಹತ್ತುವಾಗ ‘ಊರೊಳಗೆ ಹೋಗುತ್ತಾ, ಬೈಪಾಸಲ್ಲೇ ಇಳಿಸ್ತೀರಾ?’ ಅಂತ ಕಂಡಕ್ಟರನ್ನು ಕೇಳಿಕೊಳ್ಳಿ. ಬೆಳಗಿನ ಜಾವ ಬೈಪಾಸಿನಲ್ಲಿ ಇಳಿದರೆ ಆಟೋ ಸಿಗೋದು ಕಷ್ಟ. ಬಸ್ ಸ್ಟ್ಯಾಂಡಿನಿಂದ ಕೋಟೆಗೆ ಆಟೋದಲ್ಲಿ ಹತ್ತು ನಿಮಿಷವೂ ಬೇಡ.

3. ಏನು ಹಿಡಿದುಕೊಳ್ಳಬೇಕು, ಏನು ಬಿಟ್ಟುಬರಬೇಕು

ಒಬ್ಬೊಬ್ಬರಿಗೂ ಒಂದೂವರೆ ಲೀಟರ್ ನೀರು, ಟೋಪಿ, ಅಡಿಭಾಗ ಸವೆಯದ ಶೂ. ಚಪ್ಪಲಿ ಹಾಕಿ ಬಂದವರು ನೆಟ್ಟಗೆ ನಿಂತ ಬಂಡೆ ಕಂಡ ಕೂಡಲೇ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಆಮೇಲೆ ಬಂಡೆ ಸುಡುತ್ತೆ ಅಂತ ಕುಣಿಯುತ್ತಾರೆ.

ಪ್ಲಾಸ್ಟಿಕ್ ಕವರ್ ಕೈಯಲ್ಲಿ ಹಿಡಿಯಲೇಬೇಡಿ. ಈ ಕೋಟೆಯ ಈಗಿನ ಪಾಳೆಯಗಾರರು ಕೋತಿಗಳು. ಕವರಿನ ಸದ್ದು ಕೇಳಿದರೆ ಸಾಕು, ಒಳಗೇನಿದೆ ಅಂತ ನೋಡುವ ತಾಳ್ಮೆಯೂ ಇಲ್ಲದೆ ಕಿತ್ತುಕೊಂಡು ಹೋಗುತ್ತವೆ. ತಿಂಡಿ ತಂದಿದ್ದರೆ ಬ್ಯಾಗಿನೊಳಗೆ, ಜಿಪ್ ಹಾಕಿ. ಕಿತ್ತುಕೊಂಡರೆ ಬಿಟ್ಟುಬಿಡಿ. ವಾಪಸ್ ಎಳೆಯೋಕೆ ಹೋಗಬೇಡಿ, ಕಚ್ಚಿದರೆ ಆ ದಿನ ಆಸ್ಪತ್ರೆಯಲ್ಲೇ ಕಳೆಯಬೇಕಾಗುತ್ತದೆ.

4. ಊರಿನಿಂದಲೇ ಶುರು ಮಾಡಿ

ಆಟೋದವರಿಗೆ ‘ಕೋಟೆ’ ಅನ್ನುವ ಬದಲು ‘ರಂಗಯ್ಯನ ಬಾಗಿಲು’ ಅನ್ನಿ. ಇದು ಹೊರಸುತ್ತಿನ ಬಾಗಿಲು. ಇವತ್ತಿಗೂ ಜನ ಅದರ ಆಸುಪಾಸಿನಲ್ಲೇ ವ್ಯಾಪಾರ, ಸಂಸಾರ ಮಾಡಿಕೊಂಡಿದ್ದಾರೆ. ಬೈಕು, ತಳ್ಳುಗಾಡಿ, ಶಾಲೆಗೆ ಹೋಗುವ ಮಕ್ಕಳು ಎಲ್ಲರೂ ಅಲ್ಲೇ ಓಡಾಡುತ್ತಾರೆ. ಅದರ ಹತ್ತಿರವೇ ಪುರಾತತ್ವ ವಸ್ತುಸಂಗ್ರಹಾಲಯವಿದೆ. ತೆರೆದಿದ್ದರೆ ಅರ್ಧ ಗಂಟೆ ಕೊಡಿ. ಮುಚ್ಚಿದ್ದರೆ ಬೇಸರ ಬೇಡ.

ಇಲ್ಲಿಂದ ಬೆಟ್ಟದ ಕಡೆ ನಡೆದೇ ಹೋಗಿ. ಮಧ್ಯೆ ಮಧ್ಯೆ ಹಳೆ ಗೋಡೆಯ ತುಂಡುಗಳು ಮನೆಗಳ ಹಿಂದೆ ಕಾಣಿಸುತ್ತವೆ. ಶತ್ರು ಬೆಟ್ಟದ ಬುಡಕ್ಕೆ ಬರುವ ಮೊದಲು ಎಷ್ಟು ದಾಟಬೇಕಿತ್ತು ಅನ್ನೋದು ಕಾಲಿಗೆ ಗೊತ್ತಾಗುವುದು ಹೀಗೆ ನಡೆದಾಗಲೇ. ಕಾರಿನಲ್ಲಿ ಬಂದವರಿಗೆ ಗೊತ್ತಾಗುವುದಿಲ್ಲ.

ಸ್ವಲ್ಪ ಇತಿಹಾಸ ಇಲ್ಲೇ ಹೇಳಿ ಮುಗಿಸುತ್ತೇನೆ. ವಿಜಯನಗರದ ಕೈಕೆಳಗೆ ನಾಯಕನಾಗಿ ಬಂದ ತಿಮ್ಮಣ್ಣ ನಾಯಕನಿಂದ 1568ರ ಸುಮಾರಿಗೆ ಚಿತ್ರದುರ್ಗದ ನಾಯಕರ ಮನೆತನದ ಆಳ್ವಿಕೆ ಶುರುವಾಗುತ್ತದೆ. ಕೋಟೆ ಒಬ್ಬನೇ ಕಟ್ಟಿದ್ದಲ್ಲ, ತಲೆಮಾರಿನಿಂದ ತಲೆಮಾರಿಗೆ ಸುತ್ತುಗಳು ಸೇರುತ್ತಾ ಹೋದವು. ಕೊನೆಯವನು ಮದಕರಿ ನಾಯಕ. 1754ರಲ್ಲಿ ಪಟ್ಟಕ್ಕೆ ಬಂದ. ಹೈದರಾಲಿ ಒಂದಕ್ಕಿಂತ ಹೆಚ್ಚು ಸಲ ಮುತ್ತಿಗೆ ಹಾಕಿ, 1779ರಲ್ಲಿ ಕೋಟೆ ಹಿಡಿದ. ಆಮೇಲೆ ಹೈದರ್, ಟಿಪ್ಪು ಕಾಲದಲ್ಲೂ ಇಲ್ಲಿ ಕಟ್ಟುವ ಕೆಲಸ ನಡೆದಿದೆ.

5. ಟಿಕೆಟ್ ಮತ್ತು ಗೈಡು

ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಕೈಯಲ್ಲಿದೆ. ಟಿಕೆಟ್ ದರ ದೊಡ್ಡದೇನಲ್ಲ, 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ಮೊಬೈಲಿನಲ್ಲೂ ಕೊಳ್ಳಬಹುದು. ಚಿಲ್ಲರೆ ಜೇಬಲ್ಲಿಟ್ಟುಕೊಳ್ಳಿ, ನೆಟ್‌ವರ್ಕ್ ನಂಬಿಕೊಂಡು ನಿಲ್ಲಬೇಡಿ.

ಗೈಡು ಬೇಕಾ? ಮೊದಲ ಸಲ ಹೋಗುವವರಿಗೆ ಬೇಕು ಅಂತಲೇ ನನ್ನ ಅಭಿಪ್ರಾಯ. ಒಳಗೆ ದಾರಿ ಕವಲೊಡೆಯುತ್ತಾ ಹೋಗುತ್ತದೆ, ಬೋರ್ಡುಗಳು ಎಲ್ಲ ಕಡೆ ಸಾಲುವುದಿಲ್ಲ. ಆದರೆ ಹೊರಡುವ ಮೊದಲೇ ಮೂರು ಮಾತು ಇತ್ಯರ್ಥ ಮಾಡಿಕೊಳ್ಳಿ. ದುಡ್ಡು ಎಷ್ಟು, ಎಷ್ಟು ಗಂಟೆ, ಓಬವ್ವನ ಕಿಂಡಿ ಮತ್ತು ಅಕ್ಕತಂಗಿ ಹೊಂಡದವರೆಗೂ ಬರುತ್ತಾರಾ. ಇದನ್ನು ಕೇಳದೆ ಹೋದ ನನ್ನ ಸ್ನೇಹಿತರೊಬ್ಬರ ಮನೆಯವರನ್ನು ಒಂದು ಗಂಟೆಯಲ್ಲಿ ನಾಲ್ಕು ಗುಡಿ ತೋರಿಸಿ ‘ಇಷ್ಟೇ ಸಾರ್’ ಅಂತ ಕಳಿಸಿಬಿಟ್ಟಿದ್ದರು.

ಗೈಡುಗಳು ಹೇಳುವ ಅಂಕಿಗಳನ್ನು ಸ್ವಲ್ಪ ಉಪ್ಪು ಹುಳಿ ಕಳೆದು ಕೇಳಿ. 19 ಹೆಬ್ಬಾಗಿಲು, 38 ದಿಡ್ಡಿ ಬಾಗಿಲು, 35 ಕಳ್ಳದಾರಿ, 2000 ಕಾವಲು ಬುರುಜು ಅಂತ ಬಾಯಿಪಾಠ ಒಪ್ಪಿಸುತ್ತಾರೆ. ಕುಳಿತು ಎಣಿಸಿದವರು ಯಾರೂ ನನಗೆ ಸಿಕ್ಕಿಲ್ಲ.

6. ಬಾಗಿಲುಗಳಲ್ಲಿ ನಿಧಾನ ಮಾಡಿ

ಇಡೀ ಭೇಟಿಯಲ್ಲಿ ಎಲ್ಲರೂ ಓಡಿಕೊಂಡು ದಾಟುವ ಜಾಗ ಇದೇ. ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ನಿಲ್ಲಬೇಕಾದ ಜಾಗವೂ ಇದೇ.

ಮೊದಲು ಕಂದಕ ನೋಡಿ. ಆಮೇಲೆ ದಾರಿ ನೋಡಿ. ಬಾಗಿಲು ನಿಮ್ಮ ಎದುರಿಗೆ ನೇರವಾಗಿ ಇರುವುದೇ ಇಲ್ಲ. ಗೋಡೆಯ ಪಕ್ಕದಲ್ಲಿ ನಡೆದು, ತಟ್ಟನೆ ಒಂದು ಕಡೆ ತಿರುಗಿ, ಮತ್ತೆ ಇನ್ನೊಂದು ಕಡೆ ತಿರುಗಿದಾಗ ಬಾಗಿಲು ಕಾಣುತ್ತದೆ. ಯಾಕೆ ಹೀಗೆ? ಆನೆ ಬಿಟ್ಟು ಬಾಗಿಲು ಒಡೆಸುವ ಕಾಲ ಅದು. ಆನೆಯಾಗಲಿ, ಮರದ ದಿಮ್ಮಿ ಹೊತ್ತ ಜನರಾಗಲಿ ಓಡಿ ಬಂದು ಗುದ್ದಬೇಕಾದರೆ ಎದುರಿಗೆ ಉದ್ದದ ಜಾಗ ಬೇಕು. ಇಲ್ಲಿ ಆ ಜಾಗವನ್ನೇ ಕೊಟ್ಟಿಲ್ಲ. ದೂರದಿಂದ ಹೊಡೆದ ಗುಂಡೂ ಕದಕ್ಕೆ ತಾಗುವುದಿಲ್ಲ, ಗೋಡೆಗೆ ತಾಗುತ್ತದೆ. ತಿರುವಿನಲ್ಲಿ ನಿಂತು ಕತ್ತೆತ್ತಿ. ಮೂರು ಕಡೆಯಿಂದಲೂ ಗೋಡೆಯ ತೆನೆಗಳು ನಿಮ್ಮ ತಲೆ ಮೇಲೇ ಇರುತ್ತವೆ. ಅಲ್ಲಿಂದ ಬಿದ್ದಿದ್ದು ಕಲ್ಲೋ, ಕಾದ ಎಣ್ಣೆಯೋ, ಬಾಣವೋ, ಗುರಿ ತಪ್ಪುವ ಮಾತೇ ಇರಲಿಲ್ಲ.

ಈಗ ಗೋಡೆಗೆ ಹತ್ತಿರ ಹೋಗಿ, ಕೈಯಿಟ್ಟು ನೋಡಿ. ಕಲ್ಲಿಗೂ ಕಲ್ಲಿಗೂ ನಡುವೆ ಗಾರೆ ಹುಡುಕಿ. ದೊಡ್ಡ ಕಲ್ಲಿನ ಗೋಡೆಗಳಲ್ಲಿ ಗಾರೆಯೇ ಇಲ್ಲದ ಭಾಗಗಳು ಸಿಗುತ್ತವೆ. ಒಂದೊಂದು ಕಲ್ಲನ್ನೂ ಪಕ್ಕದ ಕಲ್ಲಿನ ಆಕಾರಕ್ಕೆ ಕೆತ್ತಿ ಕೂರಿಸಿದ್ದಾರೆ. ನೇರ ಸಾಲುಗಳೂ ಅಲ್ಲ, ಒಂದು ಕಲ್ಲಿನ ಮೂಲೆ ಇನ್ನೊಂದರ ಹೊಟ್ಟೆಯೊಳಗೆ ಹೊಕ್ಕಿರುತ್ತದೆ. ಸಂದಿಯಲ್ಲಿ ಬಸ್ ಟಿಕೆಟ್ ತೂರಿಸಲು ನೋಡಿದೆ, ಎಷ್ಟೋ ಕಡೆ ಹೋಗಲಿಲ್ಲ. ಮೇಲ್ಗಡೆ ಇಟ್ಟಿಗೆ, ಗಾರೆ ಕಂಡರೆ ಅದು ಬೇರೆ ಕೈಕೆಲಸ, ಜಾಸ್ತಿ ಪಾಲು ಬಂದೂಕಿನ ಕಾಲಕ್ಕೆ ಸೇರಿದ್ದು. ಒಂದೇ ಗೋಡೆಯಲ್ಲಿ ಕೆಳಗೊಂದು ಕಾಲ, ಮೇಲೊಂದು ಕಾಲ.

ಈ ಕಲ್ಲು ಎಲ್ಲಿಂದ ತಂದರು ಅಂತ ಕೇಳುವವರಿದ್ದಾರೆ. ಎಲ್ಲಿಂದಲೂ ತರಲಿಲ್ಲ, ಇಲ್ಲೇ ಸೀಳಿದರು. ದಾರಿಯ ಅಕ್ಕಪಕ್ಕದ ಬಂಡೆಗಳ ಮೇಲೆ ಬೆರಳುದ್ದದ ಕುಳಿಗಳ ಸಾಲು ಕಾಣುತ್ತದೆ, ಬಟ್ಟೆಗೆ ಹೊಲಿಗೆ ಹಾಕಿದ ಹಾಗೆ. ಒಂದು ಸಾಲಿನಲ್ಲಿ ಕುಳಿ ತೋಡಿ, ಅದರಲ್ಲಿ ಬೆಣೆ ಹೊಡೆದರೆ ಬಂಡೆ ಆ ಗೆರೆಯಲ್ಲೇ ಸೀಳುತ್ತದೆ. ಕೆಲವು ಬಂಡೆಗಳಲ್ಲಿ ಕುಳಿ ತೋಡಿ, ಸೀಳದೆ ಹಾಗೇ ಬಿಟ್ಟಿದ್ದಾರೆ. ಮಕ್ಕಳು ಜೊತೆಗಿದ್ದರೆ ‘ಹೊಲಿಗೆ ಹಾಕಿದ ಬಂಡೆ ಹುಡುಕಿ’ ಅಂತ ಆಟ ಹಚ್ಚಿ. ಮೇಲೆ ಹತ್ತುವವರೆಗೆ ಕಾಲು ನೋವು ಅನ್ನುವುದಿಲ್ಲ.

ಬಾಗಿಲ ಚೌಕಟ್ಟಿನ ಒಳಮಗ್ಗುಲನ್ನೂ ಬಗ್ಗಿ ನೋಡಿ. ಮರದ ಕದ ಎಲ್ಲ ಕಡೆ ಉಳಿದಿಲ್ಲ, ಆದರೆ ಕದ ತಿರುಗುತ್ತಿದ್ದ ಕುಳಿ ಕಲ್ಲಿನಲ್ಲಿ ಉಳಿದಿರುತ್ತದೆ.

7. ಒಳಗೆ: ಎಲ್ಲವನ್ನೂ ನೋಡಲೇಬೇಕಿಲ್ಲ

ಬಾಗಿಲುಗಳು ಮುಗಿದ ಮೇಲೆ ಜಾಗ ಬಿಚ್ಚಿಕೊಳ್ಳುತ್ತದೆ. ಒಂದು ಕಲ್ಲಿನ ಗುಂಡಿಯಲ್ಲಿ ನಾಲ್ಕು ದೊಡ್ಡ ಬೀಸುವ ಕಲ್ಲುಗಳಿವೆ. ರಾಗಿ ಬೀಸಲು ಅಲ್ಲ, ತೋಪಿನ ಮದ್ದು ಅರೆಯಲು. ಗುಡಿಗಳು ಸಾಲುಸಾಲಾಗಿವೆ. ಏಕನಾಥೇಶ್ವರಿ, ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಗೋಪಾಲಸ್ವಾಮಿ. ನಾಯಕರಿಗೆ ಪಟ್ಟ ಕಟ್ಟುತ್ತಿದ್ದುದು ಸಂಪಿಗೆ ಸಿದ್ಧೇಶ್ವರನ ಮುಂದೆ ಎನ್ನುತ್ತಾರೆ. ಕಲ್ಲಿನ ಉಯ್ಯಾಲೆ ಕಂಬ, ದೀಪದ ಕಂಬ ಇಲ್ಲೇ ಇವೆ, ಫೋಟೋದವರೆಲ್ಲ ಇಲ್ಲೇ ಸಿಗುತ್ತಾರೆ. ಇಲ್ಲಿವರೆಗೆ ಮೆಟ್ಟಿಲು, ಇಳಿಜಾರು ಸುಮಾರಾಗಿ ಸಲೀಸು. ಮೊಣಕಾಲು ನೋವಿನವರು, ತೀರಾ ಚಿಕ್ಕ ಮಕ್ಕಳು ಇರುವವರು ಇಲ್ಲೇ ನೆರಳಲ್ಲಿ ಕೂತುಬಿಡಬಹುದು. ಏನೂ ಕಳೆದುಕೊಂಡ ಹಾಗಲ್ಲ.

ಮುಂದೆ ಹೋದರೆ ಎತ್ತರದ ಮಣ್ಣಿನ ಗೋಡೆಗಳು ಸಿಗುತ್ತವೆ. ನಾಣ್ಯ ಅಚ್ಚು ಹಾಕುವ ಟಂಕಸಾಲೆ, ಕಚೇರಿ ಇದ್ದ ಜಾಗಗಳು. ಕಲ್ಲಿನ ಕೋಟೆಯೊಳಗೆ ಬರೀ ಮಣ್ಣಿನ ಗೋಡೆ ಇನ್ನೂರು ವರ್ಷಕ್ಕೂ ಮೀರಿ ಮಳೆಗೆ ನಿಂತಿರುವುದು ನನಗೆ ಬಾಗಿಲುಗಳಷ್ಟೇ ಆಶ್ಚರ್ಯ. ದಯವಿಟ್ಟು ಅವುಗಳ ಮೇಲೆ ಹತ್ತಬೇಡಿ, ಒರಗಬೇಡಿ, ಹೆಸರು ಕೆತ್ತಬೇಡಿ. ಕಲ್ಲಿಗಾದರೆ ಗೀರು, ಮಣ್ಣಿಗಾದರೆ ಮುಂದಿನ ಮಳೆಗೆ ದಾರಿ.

8. ಓಬವ್ವನ ಕಿಂಡಿ

ಇದು ಮುಖ್ಯ ದಾರಿಯಿಂದ ಪಕ್ಕಕ್ಕೆ ಇಳಿದು ಹೋಗಬೇಕಾದ ಜಾಗ. ಬಹಳ ಜನ ತಪ್ಪಿಸಿಕೊಳ್ಳುವುದು ಅದಕ್ಕೇ. ಗೈಡು ಇಲ್ಲದಿದ್ದರೆ ತಣ್ಣೀರು ದೊಣೆ ಎಲ್ಲಿ ಅಂತ ಕೇಳಿ, ಕಿಂಡಿ ಅದರ ಹತ್ತಿರವೇ.

ಕಥೆ ನಿಮಗೆ ಗೊತ್ತೇ ಇದೆ. ಕಾವಲಿನ ಗಂಡ ಊಟಕ್ಕೆ ಕೂತಿದ್ದಾಗ ದೊಣೆಗೆ ನೀರಿಗೆ ಬಂದ ಓಬವ್ವ, ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳುತ್ತಿದ್ದ ಹೈದರಾಲಿಯ ಸೈನಿಕರನ್ನು ಒನಕೆಯಲ್ಲಿ ಹೊಡೆದು ಉರುಳಿಸಿದಳು ಎನ್ನುತ್ತಾರೆ. ಜಾಗ ನೋಡಿದ ಮೇಲೆ ಕಥೆ ಬೇರೆ ಥರ ಅರ್ಥವಾಗುತ್ತದೆ. ಬಂಡೆಗಳ ನಡುವಿನ ಸಂದಿ, ನೆಟ್ಟಗೆ ನಿಂತು ದಾಟಲು ಆಗುವುದಿಲ್ಲ. ಬಗ್ಗಿ, ತಲೆ ಮುಂದೆ ಮಾಡಿಯೇ ಬರಬೇಕು. ಹಾಗೆ ಬಂದವನಿಗೆ ಕತ್ತಿ ಎತ್ತಲೂ ಜಾಗವಿಲ್ಲ, ಹಿಂದೆ ಸರಿಯಲೂ ಆಗುವುದಿಲ್ಲ. ಹಿಂದಿನವನಿಗೆ ಮುಂದೇನಾಯಿತು ಅಂತ ಕಾಣುವುದೂ ಇಲ್ಲ. ಬಾಗಿಲ ತಿರುವಿನಲ್ಲಿ ನೋಡಿದಿರಲ್ಲ, ಬಂದವರ ಸಂಖ್ಯೆ ಎಷ್ಟಿದ್ದರೂ ಎದುರಿಗೆ ಒಬ್ಬನೇ ನಿಲ್ಲುವ ಹಾಗೆ ಮಾಡುವ ಉಪಾಯ? ಇಲ್ಲಿ ಅದನ್ನು ಬಂಡೆಯೇ ಮಾಡಿಕೊಟ್ಟಿದೆ.

ನುಸುಳಿ ನೋಡುವ ಆಸೆಯಿದ್ದರೆ ಬೆನ್ನ ಮೇಲಿನ ಬ್ಯಾಗ್ ಕೆಳಗಿಟ್ಟು ಹೋಗಿ. ಮೈಕಟ್ಟು ದೊಡ್ಡದಿದ್ದವರು ಸುಮ್ನೆ ಹಟ ಮಾಡಬೇಡಿ. ಹಿಂದೆ ಜನ ನಿಂತಿದ್ದಾಗ ಮಧ್ಯದಲ್ಲಿ ನಿಂತು ಸೆಲ್ಫಿ ತೆಗೆಯಬೇಡಿ.

9. ತುಪ್ಪದ ಕೊಳದ ಬತೇರಿ: ಎಲ್ಲರಿಗೂ ಅಲ್ಲ

ಕೋಟೆಯ ಎತ್ತರದ ತಾಣಗಳಲ್ಲಿ ಒಂದು. ಮೇಲಿನಿಂದ ಊರು, ಗೋಡೆಗಳ ಸುತ್ತು, ದೂರದ ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳು ಕಾಣುತ್ತವೆ. ಗೋಡೆಗಳು ಬೆಟ್ಟದ ಮೈಮೇಲೆ ಹಾವಿನ ಹಾಗೆ ಹೇಗೆ ಹರಿದಿವೆ ಎನ್ನುವುದು ಇಲ್ಲಿಂದಲೇ ಚೆನ್ನಾಗಿ ಗೊತ್ತಾಗುತ್ತದೆ.

ತೊಂದರೆ ಹತ್ತುವುದರಲ್ಲಿದೆ. ಕಡಿದಾದ ಬಂಡೆಯಲ್ಲಿ ಮುಂಗಾಲು ಇಡುವಷ್ಟೇ ಕುಳಿ ಕೊರೆದಿದ್ದಾರೆ, ಅವನ್ನು ಮೆಟ್ಟಿಲು ಅನ್ನುವಂತಿಲ್ಲ. ಹತ್ತುವಾಗ ಹುರುಪಿನಲ್ಲಿ ಹತ್ತಿಬಿಡುತ್ತೀರಿ. ಇಳಿಯುವಾಗ ಕುಳಿ ಕಣ್ಣಿಗೆ ಕಾಣುವುದಿಲ್ಲ. ಆಗ ಬಂಡೆಗೆ ಮುಖ ಮಾಡಿ, ಏಣಿ ಇಳಿಯುವ ಹಾಗೆ ಇಳಿಯಬೇಕು. ಮಳೆ ಬಿದ್ದ ದಿನ, ಇಬ್ಬನಿ ಆರದ ಬೆಳಗ್ಗೆ, ಸೀರೆ ಉಟ್ಟುಕೊಂಡು ಹತ್ತಬೇಡಿ. ಎತ್ತರ ಕಂಡರೆ ತಲೆ ತಿರುಗುವವರೂ ಹತ್ತಬೇಡಿ. ಊರಿನ ಹುಡುಗರು ಓಡಿ ಹತ್ತುವುದನ್ನು ನೋಡಿ ಹುಮ್ಮಸ್ಸು ಬಂದರೆ, ಅವರು ದಿನಾ ಹತ್ತುವವರು ಅನ್ನೋದು ನೆನಪಿರಲಿ.

10. ನೀರಿನ ದಾರಿ ಹಿಡಿದು ಕೆಳಗಿಳಿಯಿರಿ

ಎಂಥ ಗೋಡೆಯಿದ್ದರೂ ನೀರಿಲ್ಲದಿದ್ದರೆ ಮುತ್ತಿಗೆ ತಡೆಯಲು ಆಗುವುದಿಲ್ಲ. ಬಯಲುಸೀಮೆಯ ಬೋಳು ಬಂಡೆಯ ಮೇಲೆ ನೀರು ಹೇಗೆ? ಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಹರಿಯುತ್ತದೆ. ಅದನ್ನೇ ಹಿಡಿದಿದ್ದಾರೆ. ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿ ಕೋಡಿ ಬಿದ್ದರೆ ನೀರು ಅಕ್ಕತಂಗಿಯರ ಹೊಂಡಕ್ಕೆ. ಅದು ತುಂಬಿದರೆ ಸಿಹಿನೀರು ಹೊಂಡಕ್ಕೆ. ಅಲ್ಲಿಂದ ಊರೊಳಗಿನ ಸಂತೆ ಹೊಂಡಕ್ಕೆ. ಮಳೆಗಾಲ ಮುಗಿಯುವಾಗ ಹೋದರೆ ಈ ಸರಪಳಿ ಕಣ್ಣಿಗೆ ಕಾಣುತ್ತದೆ.

ಹೊಂಡಗಳ ಹತ್ತಿರ ಮಕ್ಕಳ ಕೈ ಬಿಡಬೇಡಿ. ಮೆಟ್ಟಿಲು ಪಾಚಿ ಕಟ್ಟಿರುತ್ತದೆ, ಆಳ ಗೊತ್ತಾಗುವುದಿಲ್ಲ. ಈಜಲು ಇಳಿಯುವುದಂತೂ ಬೇಡವೇ ಬೇಡ.

ಸಂಜೆ ಐದು ಗಂಟೆಯೊಳಗೆ ಇಳಿಯಲು ಶುರು ಮಾಡಿ. ಆರಕ್ಕೆ ಸಿಳ್ಳೆ ಹಾಕಿ ಕಳಿಸುವಾಗ ಒಳಗಿನ ಕವಲುದಾರಿಯಲ್ಲಿ ಗಾಬರಿಯಾಗುತ್ತದೆ. ಬೆಳಗ್ಗೆ ಹೋದವರು ಮಧ್ಯಾಹ್ನ ಊಟ ಮುಗಿಸಿ ಚಂದ್ರವಳ್ಳಿಗೆ ಹೋಗಬಹುದು, ಆಟೋದಲ್ಲಿ ಹತ್ತಿರವೇ. ಅಲ್ಲಿ ಕದಂಬರ ಮಯೂರಶರ್ಮನ ಶಾಸನವಿದೆ, ಅಂಕಲಿಮಠದ ನೆಲಮಾಳಿಗೆಯ ಗುಹೆಗಳಿವೆ. ಗುಹೆಯೊಳಗೆ ಕತ್ತಲು, ಮೊಬೈಲ್ ಟಾರ್ಚ್ ಸಾಲದು, ಒಂದು ಕೈ ಟಾರ್ಚ್ ಇದ್ದರೆ ಒಳ್ಳೆಯದು.

ಸಂಜೆ ಇಳಿದವರು ಮಾತ್ರ ಚಂದ್ರವಳ್ಳಿ ಬಿಟ್ಟು, ಸಂತೆ ಹೊಂಡದ ಕಡೆ ನಡೆಯಿರಿ. ಮೇಲೆ ನೋಡಿ ಬಂದ ನೀರಿನ ಕೊನೆಯ ನಿಲ್ದಾಣ ಅದು. ಹೋಗುವ ದಾರಿಯಲ್ಲಿ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬೋಂಡದ ಗಾಡಿ ಸಿಕ್ಕರೆ ನಿಲ್ಲಿ. ಇಲ್ಲಿ ಕವರ್ ಕೈಯಲ್ಲಿ ಹಿಡಿದರೂ ಪರವಾಗಿಲ್ಲ, ಕೋತಿಗಳು ಮೇಲೇ ಇರುತ್ತವೆ. ಸಾಮಾನ್ಯವಾಗಿ.